ಆ ಕೆಂಪು ರೈಲುಗಳನ್ನು ಮುಚ್ಚಿಸಿದ್ದು ಯಾರು?

ಪ್ರಶ್ನೆ: ಲಾಸ್ ಏಂಜಲೀಸ್‌ನಲ್ಲಿ ಮಗನ ಮನೆಗೆ ಹೋಗಿದ್ದೆ. ಎಲ್ಲಿ ನೋಡಿದರೂ ಕಾರು. ಹಿಂದೆ ಅಲ್ಲಿ ಊರಿಂದೂರಿಗೆ ಕರೆಂಟ್ ರೈಲು ಓಡುತ್ತಿತ್ತಂತೆ, ಕಾರು ಕಂಪನಿಯವರು ಕೊಂಡು ಮುಚ್ಚಿಸಿದರಂತೆ. ನಿಜವಾ? (ಓದುಗರೊಬ್ಬರು, ಹಾಸನ)

ಉತ್ತರ: ರೈಲು ಓಡುತ್ತಿದ್ದದ್ದು ಖಂಡಿತ ನಿಜ. 1901ರಲ್ಲಿ ಹೆನ್ರಿ ಹಂಟಿಂಗ್ಟನ್ ಶುರು ಮಾಡಿದ ಪೆಸಿಫಿಕ್ ಎಲೆಕ್ಟ್ರಿಕ್ ಅಂತ ಕಂಪನಿ. ಒಳ್ಳೆಯ ಕಾಲದಲ್ಲಿ ಅದರ ಹಳಿ ಸಾವಿರ ಮೈಲಿಗಿಂತ ಜಾಸ್ತಿ ಇತ್ತು. ಬೋಗಿಗಳು ಕೆಂಪು, ಹಾಗಾಗಿ ಜನರ ಬಾಯಲ್ಲಿ ಅವು 'ರೆಡ್ ಕಾರ್'. ಪೇಟೆಯೊಳಗೆ ಟ್ರಾಮಿನ ಹಾಗೆ ರಸ್ತೆ ಮೇಲೆ ನಿಧಾನ, ಊರು ದಾಟಿದರೆ ತಮ್ಮದೇ ಹಳಿ ಮೇಲೆ ಜೋರು ಓಟ.

ಆದರೆ ಹಂಟಿಂಗ್ಟನ್‌ಗೆ ದುಡ್ಡು ಬರುತ್ತಿದ್ದದ್ದು ಟಿಕೆಟ್‌ನಿಂದಲ್ಲ, ಸೈಟಿನಿಂದ. ಹೊಲ ಕೊಳ್ಳೋದು, ಅಲ್ಲಿಗೆ ರೈಲು ತರೋದು, ಸೈಟ್ ಮಾಡಿ ಮಾರೋದು. ಬೆಂಗಳೂರಲ್ಲಿ ಮೆಟ್ರೋ ಹೆಸರು ಹೇಳಿ ಸೈಟ್ ಮಾರೋದನ್ನು ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತೆ ಅಲ್ವಾ? ಸೈಟೆಲ್ಲ ಮಾರಿ ಮುಗಿದ ಮೇಲೆ ಉಳಿದದ್ದು ಬರೀ ಟಿಕೆಟ್ ದುಡ್ಡು. ಅದು ಸಾಲಲಿಲ್ಲ. ಅಷ್ಟರಲ್ಲಿ, ರೈಲು ನಂಬಿ ಮನೆ ಕಟ್ಟಿಕೊಂಡ ಜನ ಕಾರು ಕೊಂಡರು, ಪೇಟೆಯ ರಸ್ತೆಯಲ್ಲಿ ಆ ಕಾರುಗಳ ಮಧ್ಯೆ ರೈಲೂ ಸಿಕ್ಕಿಹಾಕಿಕೊಂಡಿತು, ತಡ ಆಗುತ್ತೆ ಅಂತ ಇನ್ನಷ್ಟು ಜನ ಕಾರು ಹತ್ತಿದರು.

ಕಾರು ಕಂಪನಿಯ ಮಾತು ಸುಮ್ನೆ ಹುಟ್ಟಿದ್ದಲ್ಲ. ಜನರಲ್ ಮೋಟರ್ಸ್ ಮತ್ತು ಇನ್ನೂ ಕೆಲವರ ದುಡ್ಡಿದ್ದ ನ್ಯಾಷನಲ್ ಸಿಟಿ ಲೈನ್ಸ್ ಹಲವು ಊರುಗಳ ಟ್ರಾಮ್ ಕಂಪನಿ ಕೊಂಡಿತ್ತು. ಆ ಕಂಪನಿಗಳಿಗೆ ಬಸ್ಸು, ಎಣ್ಣೆ, ಟೈರು ಎಲ್ಲ ನಾವೇ ಮಾರಬೇಕು ಅಂತ ಒಳಸಂಚು ಮಾಡಿದ್ದಕ್ಕೆ 1949ರಲ್ಲಿ ಕೋರ್ಟಿನಲ್ಲಿ ತಪ್ಪಿತಸ್ಥರೂ ಆದರು. ಆದರೆ ಲಾಸ್ ಏಂಜಲೀಸ್‌ನಲ್ಲಿ ಅವರು ಹಿಡಿದದ್ದು ಪೇಟೆಯೊಳಗಿನ ಹಳದಿ ಟ್ರಾಮ್‌ಗಳನ್ನು. ಕೆಂಪು ರೈಲು ಅವರದಾಗಿರಲೇ ಇಲ್ಲ. 1953ರಲ್ಲಿ ಬೇರೊಂದು ಬಸ್ ಕಂಪನಿ ಅದನ್ನು ಕೊಂಡಿತು, 1958ರಲ್ಲಿ ಅದು ಸರ್ಕಾರಿ ಸಂಸ್ಥೆಗೆ ಬಂತು. ಉಳಿದಿದ್ದ ಕಟ್ಟಕಡೆಯ ಲಾಂಗ್ ಬೀಚ್ ರೈಲನ್ನು 1961ರಲ್ಲಿ ನಿಲ್ಲಿಸಿದ್ದು ಆ ಸರ್ಕಾರಿ ಸಂಸ್ಥೆಯೇ. ನನಗೆ ಹೊಟ್ಟೆ ಉರಿಯೋದು ಇಲ್ಲೇ. ಹಳಿ ಹಾಕಲು ಜಾಗ ಇತ್ತು, ದಾರಿ ಇತ್ತು, ಕೈಯಾರೆ ಬಿಟ್ಟರು. 29 ವರ್ಷ ಆದ ಮೇಲೆ, 1990ರಲ್ಲಿ, ಬಹುಪಾಲು ಅದೇ ದಾರಿಯಲ್ಲಿ ಮತ್ತೆ ಹಳಿ ಹಾಕಿ ಕರೆಂಟ್ ರೈಲು ಬಿಟ್ಟರು. ಈಗಿನ 'ಎ ಲೈನ್' ಅದೇ.

ಮುಂದಿನ ಸಲ ಹೋದಾಗ ಪೇಟೆಯಿಂದ ಅದನ್ನು ಹತ್ತಿ, ವಾಟ್ಸ್‌ನಲ್ಲಿ ಇಳಿಯಿರಿ. ಹಳಿಯ ಪಕ್ಕದಲ್ಲೇ ಮರದ ಒಂದು ಪುಟ್ಟ ಸ್ಟೇಷನ್ ಇದೆ, 1904ರದ್ದು. 1965ರ ಗಲಭೆಯಲ್ಲಿ ಸುತ್ತಮುತ್ತ ಕಟ್ಟಡಗಳು ಸುಟ್ಟುಹೋದವು, ಇದು ಉಳಿಯಿತು.