ಮ್ಯೂಸಿಯಂನಲ್ಲಿ ಸಾವಿರಾರು ಚಿಪ್ಪು ಇದ್ದರೆ ಆ ಬಸವನಹುಳು ಕಾಡಿನಲ್ಲೂ ಇದೆ ಅಂತಲೇ?

ಹವಾಯಿಯ ಅಕಟಿನೆಲ್ಲ ಎಂಬ (ಹಲವು ಜಾತಿಗಳಿರುವ) ಮರದ ಬಸವನಹುಳುವಿಗೆ ಇಷ್ಟೊಂದು ಮ್ಯೂಸಿಯಂ ದಾಖಲೆಗಳಿದ್ದೂ ಅದು ಅಳಿಯುತ್ತಿದೆ ಅನ್ನುವುದು ಹೇಗೆ ಅಂತ ಕೇಳಿದ್ದೀರಿ. ಇಂಥ ದಾಖಲೆಗಳನ್ನು ಓದುವ ಹುಚ್ಚು ನನಗೂ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸಂಗ್ರಹಿಸಿದ ತಾರೀಖು ನೋಡಿ. ಕಂಪ್ಯೂಟರಿಗೆ ಹತ್ತಿಸಿದ ತಾರೀಖು ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಹವಾಯಿಯ ಓಆಹು ದ್ವೀಪದಲ್ಲಿ ಈ ಬಣ್ಣದ ಚಿಪ್ಪುಗಳನ್ನು ಆಯುವ ಗೀಳೇ ಹಬ್ಬಿತ್ತು. ಜೀವಂತ ಹುಳುಗಳನ್ನೇ ಸಾವಿರಗಟ್ಟಲೆ ಕಿತ್ತು ತಂದರು. ಇದು ಮೊಟ್ಟೆ ಇಡದೆ ಮರಿ ಹಾಕುವ ಜೀವಿ, ಅದೂ ತೀರಾ ಕಡಿಮೆ. ದಾಖಲೆ ಜಾಸ್ತಿ ಇರುವುದಕ್ಕೂ ಹುಳು ಕಡಿಮೆಯಾದದ್ದಕ್ಕೂ ಒಂದು ಕಾರಣ ಇದೇ. ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಇನ್ನೊಂದು ಪೆಟ್ಟು ನಮಗೆ ಗೊತ್ತಿರುವ ಪ್ರಾಣಿಯಿಂದ ಶುರುವಾಯಿತು. ನಮ್ಮ ತೋಟಗಳಲ್ಲಿ ಕಾಟ ಕೊಡುವ ಆಫ್ರಿಕಾದ ದೊಡ್ಡ ಬಸವನಹುಳು 1936ರಲ್ಲಿ ಹವಾಯಿಗೂ ಹೋಯಿತು. ಅದನ್ನು ತಿನ್ನಲಿ ಅಂತ 1955ರಲ್ಲಿ ಯೂಗ್ಲಾಂಡಿನ ಎಂಬ ಬೇಟೆಗಾರ ಬಸವನಹುಳುವನ್ನು ಬಿಟ್ಟರು. ಅದು ಅಲ್ಲಿನ ಹುಳುಗಳನ್ನೇ ಹಿಡಿದು ತಿಂದಿತು. ಇಲಿಗಳೂ ಸೇರಿಕೊಂಡವು. 1981ರಲ್ಲಿ ಅಮೆರಿಕ ಸರ್ಕಾರ ಅಕಟಿನೆಲ್ಲದ ಎಲ್ಲ ಜಾತಿಗಳನ್ನೂ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಅಕಟಿನೆಲ್ಲ ಅಪೆಕ್ಸ್‌ಫುಲ್ವ ಜಾತಿಯ ಕೊನೆಯದಾಗಿ ತಿಳಿದಿದ್ದ ಹುಳು, ಜಾರ್ಜ್, ಸಾಕಿದ್ದ ಜಾಗದಲ್ಲೇ 2019ರ ಜನವರಿ 1ರಂದು ಸತ್ತಿತು. ಆದರೂ ಅದರ ದಾಖಲೆಗಳು ಹಾಗೇ ಇರುತ್ತವೆ, ಅಲ್ವಾ?

ಒಂದು ದಾಖಲೆ ಅಂದರೆ ಒಂದು ಹುಳು ಅಂತಲೂ ಅಲ್ಲ. ಒಂದೇ ಜಾಗದಲ್ಲಿ ಒಂದೇ ಸಲಕ್ಕೆ ಸಿಕ್ಕ ಚಿಪ್ಪುಗಳನ್ನೆಲ್ಲ ಒಂದೇ ನಂಬರಿನಲ್ಲಿ ಇಡುತ್ತಾರೆ. ಅದನ್ನು ಲಾಟ್ ಅನ್ನುತ್ತಾರೆ.

ನಾನು ಜಾಸ್ತಿ ಹೊತ್ತು ನೋಡುವುದು ಜಾಗದ ಕಾಲಂ. ಪಾದ್ರಿಯೊಬ್ಬರ ಮಗ ಜಾನ್ ಗುಲಿಕ್ 1850ರ ದಶಕದಲ್ಲಿ ಓಆಹುವಿನ ಕಣಿವೆ ಕಣಿವೆ ಸುತ್ತಿ ಚಿಪ್ಪು ಕೂಡಿಸಿದರು. ಹವೆ, ಗಿಡಮರ ಒಂದೇ ಥರ ಇದ್ದರೂ ಪಕ್ಕದ ಕಣಿವೆಯಲ್ಲಿ ಬಣ್ಣ, ಆಕಾರ ಬೇರೆ! ಬೇರೆ ಬೇರೆಯಾಗಿ ಉಳಿದರೆ ಸಾಕು, ಜೀವಿಗಳು ಬದಲಾಗುತ್ತವೆ ಎಂಬ ವಾದವನ್ನು ಅವರು ಕಟ್ಟಿದ್ದು ಇದರ ಮೇಲೆ. ಯಾವ ಚಿಪ್ಪು ಯಾವ ಕಣಿವೆಯದು ಅಂತ ಬರೆದಿಡದಿದ್ದರೆ ಅದು ಆಗುತ್ತಲೇ ಇರಲಿಲ್ಲ. ಬರೀ 'ಓಆಹು' ಅಂತಿರುವ ದಾಖಲೆಯಿಂದ ಅಷ್ಟು ತಿಳಿಯುವುದಿಲ್ಲ.

ಚಿಪ್ಪು ಸಿಕ್ಕ ಜಾಗ ತೋರಿಸುವ ನಕ್ಷೆಯ ಚುಕ್ಕೆಗಳನ್ನೂ ಸುಮ್ನೆ ನಂಬಬೇಡಿ. ಹಳೇ ಲೇಬಲ್‌ನ ಊರಿನ ಹೆಸರು ನೋಡಿ ಅಕ್ಷಾಂಶ, ರೇಖಾಂಶವನ್ನು ಆಮೇಲೆ ಹಾಕಿರುತ್ತಾರೆ. ಎಷ್ಟು ಮೀಟರ್ ಆಚೀಚೆ ಇರಬಹುದು ಅಂತ ಪಕ್ಕದಲ್ಲೇ ಬರೆದಿದ್ದರೆ ಅದನ್ನು ಮೊದಲು ಓದಿ.