ಗಾಡಿ ಲೇಟಾಗಿತ್ತು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಲೆ ಮೇಲಿನ ಹಾಲು ಉಕ್ಕಿ ಹೋಯಿತು. ಬರೆದವರು ಗದಗಿನವರು, ವಯಸ್ಸು 39. ‘ಹೆಸರು ಹಾಕಬೇಡ್ರಿ ಅಕ್ಕಾರ’ ಅಂದಿದ್ದಾರೆ. ಹಾಕಿಲ್ಲ.

ವಿಷಯ ಇಷ್ಟು. ಹುಬ್ಬಳ್ಳಿಯ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಲರ್ಕ್. 13 ವರ್ಷದಿಂದ ಪಾಸು ಮಾಡಿಸಿಕೊಂಡು ರೈಲಿನಲ್ಲಿ ಓಡಾಟ. ನಾಲ್ಕು ತಿಂಗಳ ಹಿಂದೆ ಮಾವನವರಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿವೆ. ಅತ್ತೆಗೆ ಮೊಣಕಾಲು ನೋವು. ಮಗಳು ಎಸ್ಸೆಸ್ಸೆಲ್ಸಿ. ಗಂಡನದು ಪ್ರಿಂಟಿಂಗ್ ಪ್ರೆಸ್, ಮನೆಯಿಂದ ಹತ್ತು ನಿಮಿಷದ ದಾರಿ. ಎಲ್ಲರ ಕಣ್ಣು ಈಗ ಇವರ ನೌಕರಿ ಮೇಲೆ. ಪುಣೆಯ ನಾದಿನಿ ದಿನಾ ವಿಡಿಯೋ ಕಾಲ್ ಮಾಡಿ, ‘ವೈನಿ, ನೀವ್ ಮನ್ಯಾಗ ಇದ್ರ ಅಪ್ಪಾಗ ಎಷ್ಟ್ ಧೈರ್ಯ ನೋಡ್ರಿ’ ಅನ್ನುತ್ತಾರೆ. ಗಂಡ ‘ನಿನ್ನ ಇಷ್ಟ’ ಅಂದು ಸುಮ್ಮನಾಗುತ್ತಾರೆ. ಪ್ರಶ್ನೆ: ನೌಕರಿ ಬಿಡಲಾ?

ಮೂರು ಪುಟ ಹೀಗೆ ಬರೆದು, ಸಹಿ ಹಾಕುವ ಮೊದಲು ನಾಲ್ಕು ಸಾಲು ಸೇರಿಸಿದ್ದಾರೆ. ‘ಇನ್ನೊಂದು ಸಣ್ಣ ವಿಷಯ, ನಗಬೇಡಿ. ಸಂಜೆ ಗದಗಿನಲ್ಲಿ ಇಳಿದ ಮೇಲೆ ಸ್ಟೇಷನ್ ಬೆಂಚಿನ ಮೇಲೆ ಇಪ್ಪತ್ತು ನಿಮಿಷ ಸುಮ್ನೆ ಕೂಡುತ್ತೇನೆ. ಹತ್ತು ರೂಪಾಯಿ ಶೇಂಗಾ ತಿನ್ನುತ್ತೇನೆ. ಆಮೇಲೆ ಸೀರೆ ಕೊಡವಿಕೊಂಡು ಮನೆಗೆ ಹೋಗಿ, ಗಾಡಿ ಲೇಟಾಗಿತ್ತು ಅನ್ನುತ್ತೇನೆ.’

ಸಣ್ಣ ವಿಷಯವಂತೆ! ತಂಗಿ, ಅಕ್ಕ ಅಂದಿದ್ದೀರಿ, ಅಕ್ಕನ ಸಲಿಗೆಯಿಂದಲೇ ಹೇಳುತ್ತೇನೆ. ನಿಮ್ಮ ಪತ್ರ ಶುರುವಾಗುವುದೇ ಅಲ್ಲಿ. ಬೆಳಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದಿಟ್ಟು ಹೋಗುವ ಹೆಂಗಸು, 13 ವರ್ಷ ಮನೆಗೆ ಸಂಬಳ ತಂದವಳು, ಶೇಂಗಾದ ಕೆಂಪು ಸಿಪ್ಪೆ ನೆರಿಗೆಯಲ್ಲಿ ಉಳಿದಿದೆಯಾ ಅಂತ ಬಗ್ಗಿ ನೋಡಿಕೊಳ್ಳುತ್ತಾಳೆ. ಯಾರದೋ ಮನೆಯದನ್ನು ಕದ್ದು ತಿಂದವಳ ಹಾಗೆ. ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮು 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು ಅಂತ 2023ರಲ್ಲಿ ಉದ್ಘಾಟನೆಯಾಯಿತು. ದಿನಾ ಅಲ್ಲಿಂದ ಹತ್ತುವ ನಿಮಗೆ ಗದಗಿನಲ್ಲಿ ನಾಲ್ಕಡಿ ಬೆಂಚು ಸುಳ್ಳು ಹೇಳದೆ ಸಿಗುತ್ತಿಲ್ಲ.

ಎರಡನೇ ಪುಟದಲ್ಲಿ, ಭಾನುವಾರ ಬಂದರೆ ತಲೆ ಸಿಡಿಯುತ್ತದೆ ಅಂದಿದ್ದೀರಿ. ಡಾಕ್ಟರು ಬಿಪಿ ನೋಡಿ, ಕಣ್ಣು ನೋಡಿ, ಏನೂ ಇಲ್ಲ ಅಂದರು. ಭಾನುವಾರ ಬೆಂಚೂ ಇಲ್ಲ, ಅಲ್ವಾ? ನಾನು ಡಾಕ್ಟರಲ್ಲ, ಆದರೆ ವಾರಗಳನ್ನು ಎಣಿಸಲು ಬರುತ್ತದೆ. ನಿದ್ದೆ ಕೆಟ್ಟರೆ, ಸುಮ್ಮಸುಮ್ಮನೆ ಅಳು ಬಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ, ಸರ್ಕಾರದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಎದುರಿಗೆ ಕೂತು ಮಾತಾಡಬೇಕು ಅನಿಸಿದರೆ ಧಾರವಾಡದ ಡಿಮ್ಹಾನ್ಸ್ ಇದೆ, ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ. ಹಳಬರು ‘ಹುಚ್ಚರ ದವಾಖಾನಿ’ ಅಂತ ಮೂಗು ಮುರಿಯುತ್ತಾರೆ. ಮುರಿದುಕೊಳ್ಳಲಿ.

ಇನ್ನು ನಾದಿನಿ. ನನಗೆ ಸಿಟ್ಟು ಬಂದಿದ್ದು ಇವರ ಮೇಲೆ. ಅಪ್ಪನ ಮೇಲೆ ಅಷ್ಟು ಪ್ರೀತಿ ಇದ್ದವರು ಪುಣೆಯಿಂದ ಒಂದು ವಾರ ಬಂದು ಬೆಡ್‌ಪ್ಯಾನ್ ಎತ್ತಿದ್ದಾರಾ? ಪತ್ರದಲ್ಲಿ ಎಲ್ಲೂ ಇಲ್ಲ. ಹಿರಿಯರನ್ನು ನೋಡಿಕೊಳ್ಳುವ ಬಗ್ಗೆ 2007ರ ಕಾಯ್ದೆ ಇದೆ. ಅದರಲ್ಲಿ ಮಕ್ಕಳು ಅಂದರೆ ಮಗ, ಮಗಳು, ವಯಸ್ಸಿಗೆ ಬಂದ ಮೊಮ್ಮಗ, ಮೊಮ್ಮಗಳು. ಆ ಸಾಲಿನಲ್ಲಿ ಸೊಸೆ ಇಲ್ಲ. ನಾದಿನಿ ಇದ್ದಾರೆ. ಮುಂದಿನ ವಿಡಿಯೋ ಕಾಲ್‌ನಲ್ಲಿ ನಗುತ್ತಲೇ ಕೇಳಿ: ‘ಹಗಲಿಗೆ ಒಬ್ಬರನ್ನ ಇಟ್ಕೊಳ್ಳೋಣು, ಅರ್ಧ ರೊಕ್ಕ ನೀವ್ ಕೊಡ್ತೀರೇನ್ರಿ?’ ನೆಟ್‌ವರ್ಕ್ ಹೋಗುತ್ತದೆ, ನೋಡಿ.

ಗಂಡನ ‘ನಿನ್ನ ಇಷ್ಟ’ದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಳೆ ಏನಾದರೂ ಎಡವಟ್ಟಾದರೆ ತಪ್ಪು ನಿನ್ನದು ಅಂತ ಈಗಲೇ ರಸೀದಿ. ಪ್ರೆಸ್ಸಿನವರಲ್ವಾ, ಮೊದಲೇ ಅಚ್ಚು ಹಾಕಿಟ್ಟಿದ್ದಾರೆ. ಹತ್ತು ನಿಮಿಷದ ದಾರಿಯಲ್ಲಿರುವ ಮಗನಿಗೆ ಮಧ್ಯಾಹ್ನ ಬಂದು ಅಪ್ಪನ ಮಗ್ಗುಲು ಬದಲಿಸಲು ಆಗುತ್ತದೆ. ನೌಕರಿ ಬಿಡುವ ಮಾತು ಬಂದಾಗ ನನ್ನ ಹಳೇ ಹಟ ಎಲ್ಲರಿಗೂ ಗೊತ್ತು: ಸಂಬಳ ನಿಲ್ಲಿಸುವ ಮೊದಲು ಪೆನ್ನು ಹಿಡಿದು ಮನೆ ಖರ್ಚು ಬರೆಯಿರಿ, ಗಂಡನ ಕೈಯಲ್ಲೇ ಬರೆಸಿ. ಅಲ್ಲಿಗೆ ಅರ್ಧ ಜನ ಸುಮ್ಮನಾಗುತ್ತಾರೆ.

ಆದರೆ ಅತ್ತೆಯ ವಿಷಯದಲ್ಲಿ ನೀವು ದುಡುಕಿದ್ದೀರಿ. ದಿನಾ ಬಾಗಿಲಲ್ಲಿ ನಿಂತು ‘ಇವತ್ತೂ ಲೇಟೇನ?’ ಅನ್ನುತ್ತಾರೆ, ಅದು ಕೊಂಕು ಅಂದಿದ್ದೀರಿ. ನನಗೆ ಹಾಗೆ ಕೇಳಿಸಲಿಲ್ಲ. ಆ ಮೊಣಕಾಲು ಹೊತ್ತು, ಬೆಳಗ್ಗೆಯಿಂದ ಮಾತು ತೊದಲುವ ಗಂಡನ ಜೊತೆ ಒಬ್ಬರೇ. ಕೂಡಬೇಕಾದವರು ನಿಂತಿದ್ದಾರೆ. ಅವರಿಗೆ ಒಂದು ಬೆಂಚೂ ಇಲ್ಲ. ಗಾಡಿ ಎಲ್ಲಿ ಬಂತು ಅಂತ ಮೊಮ್ಮಗಳ ಮೊಬೈಲಿನಲ್ಲೇ ಕಾಣುವ ಕಾಲ ಇದು. ನಿಮ್ಮ ಗಾಡಿ ದಿನಾ ಲೇಟಾಗುವುದಿಲ್ಲ ಅಂತ ಅವರಿಗೆ ಎಂದೋ ಗೊತ್ತಿರಬಹುದು. ಕೇಳಿಲ್ಲ, ಅಷ್ಟೇ.

ರಾಜೀನಾಮೆ ಬರೆಯಬೇಡಿ. ಬೆಂಚೂ ಬಿಡಬೇಡಿ. ಸೋಮವಾರ ಒಂದೇ ಕೆಲಸ ಮಾಡಿ. ಇಪ್ಪತ್ತು ನಿಮಿಷ ಪೂರ್ತಿ ಕೂತುಕೊಳ್ಳಿ, ಅಣ್ಣಿಗೇರಿ ದಾಟುವಾಗಲೇ ಸುಳ್ಳು ಜೋಡಿಸುತ್ತಾ ಕೂರಬೇಡಿ. ಬಾಗಿಲಲ್ಲಿ ಅತ್ತೆ ಕೇಳಿದರೆ, ‘ಗಾಡಿ ಟೈಮಿಗೇ ಬಂದಿತ್ರಿ ಅತ್ತಿ. ಸ್ಟೇಷನ್ನಿನ್ಯಾಗ ಕುಂತಿದ್ದೆ’ ಅನ್ನಿ. ಕಾರಣ ಕೊಡಬೇಡಿ, ಕ್ಷಮೆ ಕೇಳಬೇಡಿ.

ಅವತ್ತು ಶೇಂಗಾ ಎರಡು ಪೊಟ್ಟಣ ತೆಗೆದುಕೊಳ್ಳಿ. ಒಂದು ಅವರ ಕೈಗೆ ಕೊಟ್ಟು, ಪಡಸಾಲೆಯಲ್ಲಿ ಕುರ್ಚಿ ಎಳೆದು ಕೂಡಿಸಿ. ಸಿಪ್ಪೆ ಅಲ್ಲೇ ಬೀಳಲಿ.