ರಾತ್ರಿಯ ಉಪಗ್ರಹ ಚಿತ್ರದಲ್ಲಿ ಊರು ಕತ್ತಲಾಗಿ ಕಂಡರೆ, ಭೂಕಂಪಕ್ಕೆ ಅಲ್ಲಿನ ಕಟ್ಟಡಗಳು ಬಿದ್ದಿವೆ ಅಂತಲೇ ಅರ್ಥವಾ?
ಅಷ್ಟು ನೇರ ಅಲ್ಲ. ಕತ್ತಲೆ ಮೊದಲು ಹೇಳುವುದು ಕರೆಂಟ್ ಹೋಗಿದೆ ಅಂತ. ಒಂದು ಸಬ್‌ಸ್ಟೇಷನ್ ಕೆಟ್ಟರೆ ಗಟ್ಟಿಮುಟ್ಟಾಗಿ ನಿಂತ ಮನೆಗಳೂ ಕತ್ತಲಲ್ಲೇ ಇರುತ್ತವೆ, ಅಲ್ವಾ?

2023ರ ಫೆಬ್ರವರಿ 6ರ ಟರ್ಕಿ ಭೂಕಂಪವನ್ನೇ ನೋಡಿ. 7.8 ತೀವ್ರತೆ, ಬೆಳಗಿನ ಜಾವ 4:17. ಇಂಥ ಚಿತ್ರ ತೆಗೆಯುವ ಸುವೋಮಿ ಎನ್‌ಪಿಪಿ ಉಪಗ್ರಹ ಹಾಯುವುದು ಅಲ್ಲಿನ ಸಮಯ ರಾತ್ರಿ ಸುಮಾರು ಒಂದೂವರೆಗೆ. ಅವತ್ತು ಅದು ಆಗಲೇ ದಾಟಿ ಹೋಗಿತ್ತು. ಮುಂದಿನ ರಾತ್ರಿಯ ಚಿತ್ರಕ್ಕೆ ಹೆಚ್ಚುಕಡಿಮೆ 21 ಗಂಟೆ ಕಾಯಬೇಕು.

ಲೆಕ್ಕವೇನೋ ಸುಲಭ: ಹಿಂದಿನ ರಾತ್ರಿಗಳ ಬೆಳಕಿನಿಂದ ಈ ರಾತ್ರಿಯದನ್ನು ಕಳೆಯುವುದು. ತಲೆನೋವು ಬೇರೆ ಕಡೆ. ಫೆಬ್ರವರಿ 5 ಹುಣ್ಣಿಮೆ. ಬೆಳದಿಂಗಳು ಹಿಮದ ಮೇಲೆ ಬಿದ್ದರೆ ಒಂದೂ ದೀಪ ಇಲ್ಲದ ಜಾಗವೂ ಹೊಳೆಯುತ್ತದೆ. ಮೋಡ ಕವಿದರೆ ದೀಪ ಇರುವ ಊರೂ ಮಂಕು. ಟರ್ಕಿಯ ಇಸ್ಕೆಂಡೆರುನ್ ಬಂದರಿನಲ್ಲಿ ಕಂಟೇನರ್‌ಗಳು ದಿನಗಟ್ಟಲೆ ಹೊತ್ತಿ ಉರಿದವು. ಮೇಲಿನಿಂದ ನೋಡಿದರೆ ಬೆಂಕಿಯೂ ಬೆಳಕೇ! ಬ್ಲ್ಯಾಕ್ ಮಾರ್ಬಲ್ ಅನ್ನುವ ನಾಸಾದ ರಾತ್ರಿ ಬೆಳಕಿನ ಮಾಹಿತಿಯಲ್ಲಿ ಬೆಳದಿಂಗಳನ್ನು ಲೆಕ್ಕ ಹಾಕಿ ತೆಗೆದಿರುತ್ತಾರೆ, ಮೋಡ ಇದ್ದ ಕಡೆ ಗುರುತು ಹಾಕಿರುತ್ತಾರೆ.

ಮತ್ತೆ, ಈ ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 750 ಮೀಟರ್ ಅಗಲದ ಜಾಗ. ಅದರೊಳಗೆ ಇಡೀ ಬಡಾವಣೆಯೇ ಕೂರಬಹುದು. ಯಾವ ಕಟ್ಟಡ ಬಿತ್ತು ಅಂತ ತಿಳಿಯಲು ರೇಡಾರ್ ಚಿತ್ರ, ಹಗಲಿನ ಸ್ಪಷ್ಟ ಚಿತ್ರ ಬೇಕು.

ನನ್ನ ಪ್ರಕಾರ ರಾತ್ರಿ ಚಿತ್ರದ ಉಪಯೋಗ ಜಾಸ್ತಿ ಇರುವುದು ಆಮೇಲಿನ ವಾರಗಳಲ್ಲಿ. ಅಕ್ಕಪಕ್ಕಕ್ಕೆಲ್ಲ ಕರೆಂಟ್ ವಾಪಸ್ ಬಂದ ಮೇಲೂ ಒಂದು ಬಡಾವಣೆ ಕತ್ತಲಾಗಿಯೇ ಉಳಿದರೆ, ಅಲ್ಲಿ ಈಗ ಯಾರೂ ವಾಸವಿಲ್ಲ ಅಂತ ಅನುಮಾನಿಸಬಹುದು.